ಸ್ಲ್ಯಾಬಿಗೆ ಮೊದಲು ಪಾಲಿಸಿ: ಸಣ್ಣ ಕಟ್ಟಡ ಗುತ್ತಿಗೆದಾರರಿಗೆ ವಿಮೆಯ ಲೆಕ್ಕ

ವಿಜಯಪುರದ ಹತ್ತು ಸಣ್ಣ ಗುತ್ತಿಗೆದಾರರನ್ನು ನಿಲ್ಲಿಸಿ ‘ವಿಮೆ ಮಾಡಿಸಿದ್ದೀರಾ?’ ಎಂದು ಕೇಳಿ ನೋಡಿ. ಹೆಚ್ಚಿನವರು ಹೌದು ಎನ್ನುತ್ತಾರೆ. ಯಾವುದಕ್ಕೆ ಎಂದರೆ ಜೆಸಿಬಿಗೆ, ಟಿಪ್ಪರ್‌ಗೆ, ಓಡಾಡುವ ಜೀಪಿಗೆ. ವಿಮೆ ಇಲ್ಲದಿದ್ದರೆ ಸಾಲ ಕೊಟ್ಟವರು ಬಿಡುವುದಿಲ್ಲ. ಎಂದರೆ ಯಾವುದಕ್ಕೆ ವಿಮೆ ಬೇಕೆಂದು ತೀರ್ಮಾನಿಸಿದವರು ಫೈನಾನ್ಸ್ ಕಂಪನಿಯವರು. ಗುತ್ತಿಗೆದಾರರು ಸಹಿ ಹಾಕಿದ್ದಾರೆ ಅಷ್ಟೇ. ಮೂರನೇ ಮಹಡಿಯ ಅಟ್ಟದ ಮೇಲೆ ನಿಂತ ಗೌಂಡಿ, ಪಾಯ ತೋಡುವಾಗ ಪಕ್ಕದಲ್ಲೇ ಅಲುಗುವ ಮಣ್ಣಿನ ಗೋಡೆ, ಅರ್ಧ ಎದ್ದ ಕಟ್ಟಡ, ಇವುಗಳ ಬಗ್ಗೆ ಸಾಲ ಕೊಟ್ಟವರು ಯಾರೂ ಕೇಳುವುದಿಲ್ಲ. ಹಾಗಾಗಿ ಇವಕ್ಕೆ ಪಾಲಿಸಿಯೂ ಇಲ್ಲ.

ನಾನೂ ಹನ್ನೊಂದು ವರ್ಷ ಹೀಗೆಯೇ ಇದ್ದೆ. ಮನೆ, ಅಂಗಡಿ ಸಾಲು, ಶಾಲೆಯ ಎರಡು ಕೊಠಡಿ, ಇಂಥವೇ ನನ್ನ ಕೆಲಸಗಳು. ಒಂದು ಸ್ಲ್ಯಾಬ್ ಹಾಕುವ ದಿನ ಅದನ್ನು ಹೊರುವ ಸೆಂಟ್ರಿಂಗ್ ಹಲಗೆ ಜಾರಿ ಇಬ್ಬರು ಬಿದ್ದರು. ಒಬ್ಬನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯ ಎದುರಿನ ಚಹದಂಗಡಿಯಲ್ಲಿ ಕುಳಿತು ಮೊದಲ ಸಲ ನನ್ನ ಕಡತ ಬಿಚ್ಚಿದೆ. ಮಿಕ್ಸರ್‌ಗೆ ಪಾಲಿಸಿ ಇತ್ತು. ಮಿಕ್ಸರ್‌ಗೆ ಏನೂ ಆಗಿರಲಿಲ್ಲ.

ಅಂದು ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು ಎನಿಸಿದ್ದನ್ನು ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಬರೆದಿದ್ದೇನೆ.

ಮೊದಲ ಹೆಜ್ಜೆ: ಹೊಲ ಮಾರಿಸುವ ನಷ್ಟ ಯಾವುದು?

ಏಜೆಂಟರಿಗೆ ಫೋನ್ ಮಾಡುವ ಮೊದಲು ಒಂದು ಹಾಳೆ ತೆಗೆದುಕೊಳ್ಳಿ. ಈಗ ನಡೆಯುತ್ತಿರುವ ಕೆಲಸದಲ್ಲಿ ಏನೇನು ಕೆಡಬಹುದು ಎಂದು ಬರೆಯಿರಿ. ಪ್ರತಿಯೊಂದರ ಮುಂದೆ ಒಂದೇ ಪ್ರಶ್ನೆ: ಇದು ಆದರೆ ಈ ತಿಂಗಳ ಲಾಭದಲ್ಲಿ ತುಂಬಿಕೊಳ್ಳಬಹುದೇ, ಅಥವಾ ಹೊಲ ಮಾರಬೇಕೇ? ಹತ್ತು ಚೀಲ ಸಿಮೆಂಟ್ ನೆನೆದು ಗಟ್ಟಿಯಾದರೆ ಹೊಟ್ಟೆ ಉರಿಯುತ್ತದೆ, ಅಷ್ಟೇ. ಅದಕ್ಕೆ ವಿಮೆ ಬೇಡ, ತಾಡಪಾಲು ಸಾಕು. ಗೌಂಡಿಯೊಬ್ಬ ಸತ್ತರೆ, ಪಕ್ಕದ ಮನೆ ಕುಸಿದರೆ, ಕಟ್ಟಡವೇ ನೀರಿನಲ್ಲಿ ನಿಂತರೆ ಹೊಲದ ಮಾತು ಬರುತ್ತದೆ. ವಿಮೆಯ ಹಣ ಮೊದಲು ಅಲ್ಲಿಗೆ ಹೋಗಬೇಕು.

ಹಾಳೆಯಲ್ಲಿ ನಮ್ಮ ಕಡೆಯ ನೆಲ, ಗಾಳಿಯೂ ಬರಲಿ. ವಿಜಯಪುರ, ಬಾಗಲಕೋಟೆಯ ಎರೆ ಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಯಲ್ಲಿ ಉಬ್ಬುತ್ತದೆ. ತೋಡಿದ ಗುಂಡಿಯ ಅಂಚು ನಂಬುವ ಹಾಗಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಬೀಸುವ ಅಕಾಲಿಕ ಗಾಳಿಮಳೆಗೆ ತಗಡಿನ ಶೆಡ್ ಹಾರಿ ಯಾರದೋ ಅಂಗಳದಲ್ಲಿ ಬೀಳುತ್ತದೆ. ಬೆಳಗಾವಿಯಲ್ಲಿ ಮಳೆಗಾಲವೇ ಬೇರೆ ಲೆಕ್ಕ. 2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಒಟ್ಟಿಗೆ ಉಕ್ಕಿದ್ದನ್ನು ಗೋಕಾಕ, ಮುಧೋಳ, ಜಮಖಂಡಿ, ರಾಮದುರ್ಗದ ಗುತ್ತಿಗೆದಾರರಿಗೆ ನೆನಪಿಸಬೇಕಿಲ್ಲ.

ಕೆಲವು ಅಪಾಯಗಳನ್ನು ದುಡ್ಡು ಕೊಟ್ಟು ಬೇರೆಯವರಿಗೆ ದಾಟಿಸುವುದಕ್ಕಿಂತ ಕೆಲಸದ ಜಾಗದಲ್ಲೇ ತಗ್ಗಿಸುವುದು ಅಗ್ಗ. ಹೆಲ್ಮೆಟ್, ಸೊಂಟದ ಬೆಲ್ಟ್, ಗುಂಡಿಯ ಸುತ್ತ ಕಟ್ಟಿದ ಹಗ್ಗ, ರಾತ್ರಿ ಒಂದು ದೀಪ. ಇವುಗಳಿಗೆ ಪಾಲಿಸಿಯ ಜೊತೆಗೂ ನಂಟಿದೆ: ಎಚ್ಚರಿಕೆಯ ಕ್ರಮ ಕೈಗೊಳ್ಳುವುದು ಪಾಲಿಸಿಯ ಷರತ್ತುಗಳಲ್ಲೇ ಒಂದು.

ಎರಡನೇ ಹೆಜ್ಜೆ: ಕಾರ್ಮಿಕರ ಪರಿಹಾರ ಪಾಲಿಸಿ

ಒಂದೇ ಒಂದು ಪಾಲಿಸಿ ಕೊಳ್ಳುವಷ್ಟು ಹಣ ಕೈಯಲ್ಲಿದ್ದರೆ ಇದನ್ನು ಕೊಳ್ಳಿ.

ಕೆಲಸದಲ್ಲಿ ಪೆಟ್ಟಾದ ಕಾರ್ಮಿಕನಿಗೆ ಪರಿಹಾರ ಕೊಡುವ ಹೊಣೆ ಮಾಲೀಕನದು ಎಂದು 1923ರ ಕಾರ್ಮಿಕರ ಪರಿಹಾರ ಕಾಯ್ದೆಯಿಂದಲೂ ಇದೆ. 2025ರ ನವೆಂಬರ್ 21ರಿಂದ ಆ ಕಾಯ್ದೆ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲೆಕ್ಕದ ಸೂತ್ರ ಬದಲಾಗಿಲ್ಲ. ಇಲ್ಲಿ ‘ಮಾಲೀಕ’ ಎಂದರೆ ನೀವು. ತಪ್ಪು ಯಾರದು ಎಂಬ ವಾದಕ್ಕೆ ಇಲ್ಲಿ ಹೆಚ್ಚು ಜಾಗವಿಲ್ಲ. ‘ಅವನು ಕುಡಿದಿದ್ದ’, ‘ಬೆಲ್ಟ್ ಹಾಕು ಎಂದರೂ ಹಾಕಲಿಲ್ಲ’ ಎನ್ನುವ ಮಾತು ಸಣ್ಣ ಗಾಯಗಳಲ್ಲಿ ನಡೆಯಬಹುದು. ಸಾವು ಅಥವಾ ಶಾಶ್ವತ ಪೂರ್ಣ ಅಂಗವೈಕಲ್ಯವಾದಾಗ ಆ ಮಾತಿಗೆ ಬೆಲೆ ಇಲ್ಲ.

ಸೂತ್ರ ಹೀಗಿದೆ. ಸಾವಾದರೆ ತಿಂಗಳ ವೇತನದ ಶೇ. 50ನ್ನು ವಯಸ್ಸಿಗೆ ತಕ್ಕ ಒಂದು ಗುಣಾಂಕದಿಂದ ಗುಣಿಸಬೇಕು. ಶಾಶ್ವತ ಪೂರ್ಣ ಅಂಗವೈಕಲ್ಯಕ್ಕೆ ಶೇ. 60. ಲೆಕ್ಕಕ್ಕೆ ಹಿಡಿಯುವ ವೇತನದ ಮಿತಿಯನ್ನು 2020ರ ಜನವರಿಯಲ್ಲಿ 15,000 ರೂಪಾಯಿಗೆ ಏರಿಸಲಾಯಿತು. ಈಗ ಮೂವತ್ತು ವರ್ಷದ ಒಬ್ಬ ಗೌಂಡಿಯನ್ನು ತೆಗೆದುಕೊಳ್ಳಿ. ದಿನಕ್ಕೆ 800 ರೂಪಾಯಿಯಂತೆ 26 ದಿನಕ್ಕೆ 20,800; ಲೆಕ್ಕಕ್ಕೆ ಬರುವುದು 15,000. ಅದರ ಅರ್ಧ 7,500. ಮೂವತ್ತು ವರ್ಷಕ್ಕೆ ಗುಣಾಂಕ 207.98. ಗುಣಿಸಿದರೆ 15,59,850 ರೂಪಾಯಿ. ಅದೇ ಗೌಂಡಿ ಬದುಕುಳಿದು ಜೀವನಪರ್ಯಂತ ಯಾವ ಕೆಲಸವನ್ನೂ ಮಾಡಲಾಗದಂತಾದರೆ 18,71,820 ರೂಪಾಯಿ. ವಯಸ್ಸು ನಲವತ್ತಾದರೆ ಗುಣಾಂಕ 184.17ಕ್ಕೆ ಇಳಿಯುತ್ತದೆ, ಆಗಲೂ ಸಾವಿನ ಪರಿಹಾರ 13 ಲಕ್ಷ ದಾಟುತ್ತದೆ. ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12ರ ಬಡ್ಡಿ, ತಡಕ್ಕೆ ಸರಿಯಾದ ಕಾರಣ ಇಲ್ಲವೆಂದು ಕಂಡರೆ ಮೊತ್ತದ ಅರ್ಧದವರೆಗೆ ದಂಡವನ್ನೂ ಹಾಕಬಹುದು. ದಂಡವನ್ನು ವಿಮಾ ಕಂಪನಿ ಭರಿಸುವುದಿಲ್ಲ, ಅದು ನಿಮ್ಮ ಜೇಬಿನಿಂದಲೇ ಹೋಗಬೇಕು.

ಪಾಲಿಸಿ ಮಾಡಿಸುವಾಗ ಬಹಳ ಜನ ಎಡವುವ ಜಾಗ ಕೂಲಿಕಾರರನ್ನು ಕರೆತರುವ ಮುಕಾದಮನದು. ‘ಕೆಲಸಗಾರರೆಲ್ಲ ಮುಕಾದಮನ ಜನ, ನನಗೇನು?’ ಎನ್ನುತ್ತಾರೆ. ಕಾನೂನು ಹಾಗೆ ಹೇಳುವುದಿಲ್ಲ. ನಿಮ್ಮ ದಂಧೆಯ ಕೆಲಸವನ್ನು ಇನ್ನೊಬ್ಬರಿಗೆ ತುಂಡು ಗುತ್ತಿಗೆ ಕೊಟ್ಟರೂ ಅವರ ಜನರ ಪರಿಹಾರವನ್ನು ನಿಮ್ಮಿಂದ ಕೇಳಬಹುದು. ಆಮೇಲೆ ಅದನ್ನು ಮುಕಾದಮನಿಂದ ವಸೂಲಿ ಮಾಡಿಕೊಳ್ಳುವ ಹಕ್ಕು ನಿಮಗಿದೆ. ತಾಂಡಾದಿಂದ ಇಪ್ಪತ್ತು ಜನರನ್ನು ಕರೆತರುವ ಮುಕಾದಮನ ಬಳಿ ವಸೂಲಿ ಮಾಡಲು ಏನಿರುತ್ತದೆ ಎಂದು ಯೋಚಿಸಿ. ಆದ್ದರಿಂದ ತುಂಡು ಗುತ್ತಿಗೆಯ ಜನರೂ ಪಾಲಿಸಿಯಲ್ಲಿ ಸೇರಿದ್ದಾರೆ ಎಂದು ಬರಹದಲ್ಲಿ ಬರಬೇಕು. ಸೆಂಟ್ರಿಂಗ್‌ನವರು, ಕಬ್ಬಿಣ ಕಟ್ಟುವವರು, ಪ್ಲಂಬರ್, ವೈರಿಂಗ್‌ನವರು, ಎಲ್ಲರೂ.

ಎರಡನೆಯದು ವೇತನ. ಪ್ರೀಮಿಯಂ ಲೆಕ್ಕವಾಗುವುದು ನೀವು ಬರೆದುಕೊಡುವ ವೇತನದ ಮೇಲೆ. ಹದಿನೈದು ಜನರ ಬದಲು ಐದು ಜನ, 800ರ ಬದಲು 400 ಎಂದು ಬರೆದರೆ ಪ್ರೀಮಿಯಂ ಇಳಿಯುತ್ತದೆ, ನಿಜ. ಅಪಘಾತದ ದಿನ ಸ್ಥಳದಲ್ಲಿ ಹದಿನೈದು ಜನ ಇದ್ದರೆಂದು ಪೊಲೀಸ್ ಪಂಚನಾಮೆಯಲ್ಲೇ ಬಂದಿರುತ್ತದೆ. ಆಗ ಬಿದ್ದವನು ಆ ಐವರಲ್ಲಿ ಒಬ್ಬ ಎಂದು ತೋರಿಸುವುದು ಹೇಗೆ? ಹಾಜರಿ ಪುಸ್ತಕ ಇಡಿ. ಮುಕಾದಮನಿಗೆ ಶನಿವಾರ ಒಟ್ಟು ಹಣ ಕೊಟ್ಟು ಕೈ ತೊಳೆದುಕೊಳ್ಳುವ ಬದಲು ಆದಷ್ಟು ಜನರಿಗೆ ಬ್ಯಾಂಕ್ ಖಾತೆಗೇ ಕೂಲಿ ಹಾಕಿ. ವಾರದ ನಡುವೆ ಬಂದ ಹೊಸಬನ ಹೆಸರೂ ಅಂದೇ ಪುಸ್ತಕದಲ್ಲಿ ಬರಲಿ, ಆಧಾರ್ ನಕಲು ಫೋನಿನಲ್ಲಿರಲಿ. ನಮ್ಮ ಕಡೆ ಕೂಲಿಕಾರರು ಊರ ಜಾತ್ರೆ ಬಂದರೆ ಹೋಗುತ್ತಾರೆ, ಬದಲಿಗೆ ತಮ್ಮನನ್ನು ಕಳಿಸುತ್ತಾರೆ. ಆ ತಮ್ಮನ ಹೆಸರು ಯಾರಿಗೂ ಗೊತ್ತಿರುವುದಿಲ್ಲ.

ಆಸ್ಪತ್ರೆಯ ಖರ್ಚನ್ನು ಎಷ್ಟರವರೆಗೆ ಕೊಡುತ್ತಾರೆ ಎಂದು ಬೇರೆಯಾಗಿ ಕೇಳಿ. ಹಲವು ಪಾಲಿಸಿಗಳಲ್ಲಿ ಅದನ್ನು ಹೆಚ್ಚಿನ ಪ್ರೀಮಿಯಂ ಕೊಟ್ಟು ಸೇರಿಸಿಕೊಳ್ಳಬೇಕು. ಹಾಗೆಯೇ, ಪಾಲಿಸಿಯ ಒಕ್ಕಣೆಯಲ್ಲಿ ಹಳೆಯ ಕಾಯ್ದೆಯ ಹೆಸರಷ್ಟೇ ಇದ್ದರೆ ಹೊಸ ಸಂಹಿತೆಯ ಹೊಣೆಯೂ ಸೇರಿದೆ ಎಂದು ಒಂದು ಪತ್ರ ಪಡೆದುಕೊಳ್ಳಿ.

ಇನ್ನೊಂದು ಮಾತು, ಇದು ನನಗೆ ಪರಿಚಯದ ಗುತ್ತಿಗೆದಾರರೊಬ್ಬರು ಪೆಟ್ಟು ತಿಂದು ಕಲಿತದ್ದು. ಕೆಲಸದಲ್ಲಿ ಸತ್ತ ಹುಡುಗನ ಊರಿಗೆ ಹೋಗಿ, ಗುಡಿಯ ಕಟ್ಟೆಯ ಮೇಲೆ ಹಿರಿಯರನ್ನು ಕೂರಿಸಿ, ನಾಲ್ಕು ಲಕ್ಷಕ್ಕೆ ಮಾತು ಮುಗಿಸಿ, ಬಾಂಡ್ ಮೇಲೆ ಹೆಬ್ಬೆಟ್ಟು ಒತ್ತಿಸಿಕೊಂಡು ಬಂದರು. ಕೆಲವು ತಿಂಗಳ ಬಳಿಕ ನೋಟಿಸ್ ಬಂತು. ಸಾವಿನ ಪರಿಹಾರವನ್ನು ಸಕ್ಷಮ ಪ್ರಾಧಿಕಾರದಲ್ಲಿ, ಎಂದರೆ ಪರಿಹಾರ ತೀರ್ಮಾನಿಸುವ ಸರ್ಕಾರಿ ಅಧಿಕಾರಿಯ ಬಳಿ, ಠೇವಣಿ ಇಟ್ಟರೆ ಮಾತ್ರ ಅದು ಪರಿಹಾರ. ಮನೆಯವರ ಕೈಗೆ ನೇರವಾಗಿ ಕೊಟ್ಟದ್ದನ್ನು ಕಾನೂನು ಪರಿಹಾರವೆಂದು ಎಣಿಸುವುದಿಲ್ಲ. ಮೂರು ತಿಂಗಳ ವೇತನದಷ್ಟನ್ನು ಮುಂಗಡವಾಗಿ ಕೊಟ್ಟರೆ ಮುಂದೆ ಕಳೆದುಕೊಳ್ಳಬಹುದು. ಮಣ್ಣಿಗೆ, ಮನೆಯ ಖರ್ಚಿಗೆ ಕೈಲಾದಷ್ಟು ಕೊಡಿ, ಕೊಡಲೇಬೇಕು. ಆದರೆ ಕಟ್ಟೆಯ ಮೇಲೆ ‘ಪೂರ್ಣ ಬಾಕಿ ಚುಕ್ತಾ’ ಎಂದು ಬರೆಸಿಕೊಂಡ ಕಾಗದವನ್ನು ನೆಚ್ಚಬೇಡಿ. ವಿಮಾ ಕಂಪನಿಯ ಒಪ್ಪಿಗೆ ಇಲ್ಲದೆ ಹೊಣೆ ಒಪ್ಪಿಕೊಂಡು ರಾಜಿ ಮಾಡಿಕೊಂಡರೆ ಪಾಲಿಸಿಯ ಷರತ್ತು ಮುರಿದಂತೆಯೂ ಆಗುತ್ತದೆ.

ಇದರ ಜೊತೆಗೆ ಎರಡು ಸಣ್ಣ ಕೆಲಸ. 18ರಿಂದ 60 ವರ್ಷದೊಳಗಿನ, ವರ್ಷದಲ್ಲಿ 90 ದಿನ ಕಟ್ಟಡ ಕೆಲಸ ಮಾಡಿದ ಕಾರ್ಮಿಕರನ್ನು ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಲು ಹೇಳಿ. ಬ್ಯಾಂಕ್ ಖಾತೆ ಇದ್ದವರಿಗೆ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆ ಇದೆ: ವರ್ಷಕ್ಕೆ 20 ರೂಪಾಯಿ, ಅಪಘಾತದ ಸಾವಿಗೆ 2 ಲಕ್ಷ. ಜೂನ್ 1ರಿಂದ ಮೇ 31ರವರೆಗೆ ಅದರ ವರ್ಷ. ಇಪ್ಪತ್ತು ಜನರಿಗೆ ನಾನೇ ಕಟ್ಟಿದರೂ 400 ರೂಪಾಯಿ, ಒಂದು ದಿನದ ಚಹಾ-ಚೂಡಾದ ಖರ್ಚು. ಇವು ಅವರ ಮನೆಗೆ ಆಸರೆ. ನಿಮ್ಮ ಹೊಣೆಯಲ್ಲಿ ಇವುಗಳಿಂದ ಒಂದು ಪೈಸೆಯೂ ಕಡಿಮೆಯಾಗುವುದಿಲ್ಲ.

ಮೂರನೇ ಹೆಜ್ಜೆ: ಏಳುತ್ತಿರುವ ಕಟ್ಟಡಕ್ಕೆ

ಇದಕ್ಕಿರುವ ಪಾಲಿಸಿಯ ಹೆಸರು ಕಾಂಟ್ರಾಕ್ಟರ್ಸ್ ಆಲ್ ರಿಸ್ಕ್. ವಿಮಾ ಕಚೇರಿಯಲ್ಲಿ ‘ಸಿಎಆರ್’ ಎಂದರೆ ಸಾಕು. ಬೆಂಕಿ, ಗಾಳಿಮಳೆ, ನೆರೆ, ಕುಸಿತ, ಕಳವು ಇವುಗಳಿಂದ ಕಟ್ಟಡಕ್ಕೆ ಮತ್ತು ಸ್ಥಳಕ್ಕೆ ಬಂದಿಳಿದ ಸಾಮಾನಿಗೆ ಆಗುವ ಹಾನಿ ಒಂದನೇ ಭಾಗದಲ್ಲಿದೆ. ಎರಡನೇ ಭಾಗ ಹೊರಗಿನವರಿಗೆ ಆಗುವ ಹಾನಿಯದು. ಹೆಸರಿನಲ್ಲಿ ‘ಆಲ್’ ಇದೆ ಎಂದು ಮೋಸ ಹೋಗಬೇಡಿ. ಪಾಲಿಸಿಯ ತೂಕ ಇರುವುದು ಹೊರಗಿಟ್ಟ ಸಂಗತಿಗಳ ಪಟ್ಟಿಯಲ್ಲಿ.

ಮೊತ್ತ ಬರೆಯುವಾಗ ಕಟ್ಟಡ ಮುಗಿದ ದಿನ ಅದರ ಪೂರ್ತಿ ಬೆಲೆ ಎಷ್ಟೋ ಅಷ್ಟು ಬರೆಯಬೇಕು. 40 ಲಕ್ಷದ ಕಟ್ಟಡವನ್ನು 25 ಲಕ್ಷ ಎಂದು ಬರೆದಿದ್ದೀರಿ, 4 ಲಕ್ಷದ ಹಾನಿಯಾಯಿತು ಎಂದಿಟ್ಟುಕೊಳ್ಳಿ. ಕಂಪನಿ ನಲವತ್ತಕ್ಕೆ ಇಪ್ಪತ್ತೈದರ ಪಾಲಿನಲ್ಲಿ ಲೆಕ್ಕ ಹಾಕಿ ಎರಡೂವರೆ ಲಕ್ಷ ಎನ್ನುತ್ತದೆ. ಅದರಲ್ಲೂ ನೀವೇ ಭರಿಸಬೇಕಾದ ಮೊದಲ ಪಾಲು ಕಳೆಯುತ್ತದೆ. ನಮ್ಮಲ್ಲಿ ಲೇಬರ್ ಗುತ್ತಿಗೆ ಹೆಚ್ಚು: ಸಿಮೆಂಟ್, ಕಬ್ಬಿಣ, ಉಸುಕು, ಖಡಿ ಎಲ್ಲ ಮನೆ ಕಟ್ಟಿಸುವವರದು, ಕೂಲಿ ಮಾತ್ರ ನಮ್ಮದು. ನಿಮ್ಮ ಒಪ್ಪಂದ 8 ಲಕ್ಷದ್ದಾದರೂ ನಿಂತಿರುವುದು 40 ಲಕ್ಷದ ಕಟ್ಟಡ. ಮನೆಯವರು ತಂದ ಸಾಮಾನಿನ ಬೆಲೆಯೂ ಮೊತ್ತದಲ್ಲಿ ಬರಬೇಕು. ಇಂಥ ಕಡೆ ನಾನು ಮನೆಯವರೊಂದಿಗೆ ಕುಳಿತು, ಪಾಲಿಸಿಯನ್ನು ಇಬ್ಬರ ಹೆಸರಿನಲ್ಲೂ ಮಾಡಿಸಿ, ಪ್ರೀಮಿಯಂ ಹಂಚಿಕೊಳ್ಳೋಣ ಎನ್ನುತ್ತೇನೆ. ಹೆಚ್ಚಿನವರು ಒಪ್ಪುತ್ತಾರೆ, ಆದರೆ ಪಾಯಪೂಜೆಯ ದಿನ ಈ ಮಾತು ತೆಗೆಯಬಾರದು. ಅಂದು ಕುಸಿತದ ಮಾತಾಡಿದವನನ್ನು ಯಾರೂ ಕ್ಷಮಿಸುವುದಿಲ್ಲ. ಅಂದಾಜು ಪಟ್ಟಿ ಕೊಡುವಾಗಲೇ ಒಂದು ಸಾಲು ಸೇರಿಸಿಬಿಡಿ.

ಹಾಳು ಕೆಲಸವನ್ನು ಮತ್ತೆ ಮಾಡುವ ಖರ್ಚು ಸಿಗುವುದಿಲ್ಲ. ಕೆಟ್ಟದಾಗಿ ಕಟ್ಟಿದ ಕಂಬ ಬಿದ್ದರೆ ಆ ಕಂಬದ ದುಡ್ಡು ಇಲ್ಲ. ಅದು ಬಿದ್ದು ಮುರಿದ ಸರಿಯಾದ ಗೋಡೆಗೆ ಸಿಗುತ್ತದೆ. ನಕ್ಷೆಯ ದೋಷವನ್ನು ಬೇರೆ ಪ್ರೀಮಿಯಂ ಕೊಟ್ಟು ಸೇರಿಸಬೇಕು. ಸ್ಟಾಕ್ ಎಣಿಸಿದಾಗ ಎರಡು ಟನ್ ಸರಳು ಕಡಿಮೆ ಬಂತು ಎಂದರೆ ಅದು ಕಳವಲ್ಲ, ಲೆಕ್ಕದ ಕೊರತೆ, ಅದಕ್ಕೂ ಇಲ್ಲ. ಭೂಕಂಪವನ್ನು ಬೇರೆಯಾಗಿ ಸೇರಿಸಬೇಕಾಗಬಹುದು, ಕೇಳಿ. 2021ರಲ್ಲಿ ವಿಜಯಪುರ ಜಿಲ್ಲೆಯಲ್ಲಿ ನೆಲ ಮತ್ತೆ ಮತ್ತೆ ಸಣ್ಣಗೆ ನಡುಗಿದ್ದನ್ನು ಕಂಡವರಿಗೆ ಕಾರಣ ಹೇಳಬೇಕಿಲ್ಲ. ಬಾಡಿಗೆಗೆ ತಂದ ಸೆಂಟ್ರಿಂಗ್ ಹಲಗೆ, ಜಾಕ್‌ಗಳನ್ನು ಮೊತ್ತದಲ್ಲಿ ತೋರಿಸಿದರೆ ಮಾತ್ರ ಅವೂ ಒಳಗೆ ಬರುತ್ತವೆ.

ಅವಧಿಯ ವಿಷಯ. ಒಂಬತ್ತು ತಿಂಗಳ ಕೆಲಸ ಹದಿನಾಲ್ಕಾಗುವುದು ನಮ್ಮಲ್ಲಿ ಮಾಮೂಲು. ಬಿಲ್ ಬರುವುದಿಲ್ಲ, ಉಸುಕು ಸಿಗುವುದಿಲ್ಲ, ಮನೆಯವರ ಮಗಳ ಮದುವೆ ನಡುವೆ ಬರುತ್ತದೆ. ಅವಧಿ ಮುಗಿಯುವ ಮೊದಲೇ ವಿಸ್ತರಣೆ ಕೇಳಬೇಕು. ಕೆಲಸ ನಿಂತರೆ ಅದನ್ನೂ ಪತ್ರದಲ್ಲಿ ತಿಳಿಸಬೇಕು, ಏಕೆಂದರೆ ದೀರ್ಘಕಾಲ ನಿಂತ ಕೆಲಸದ ಹಾನಿಗೆ ರಕ್ಷಣೆ ಇರುವುದಿಲ್ಲ. ಕೆಳಗಿನ ಅಂಗಡಿಗಳನ್ನು ಬಾಡಿಗೆಗೆ ಕೊಟ್ಟು ಮೇಲೆ ಕಟ್ಟುತ್ತಿದ್ದರೆ, ಬಳಕೆಗೆ ಬಂದ ಭಾಗ ಪಾಲಿಸಿಯಿಂದ ಹೊರಗೆ ಹೋಗುತ್ತದೆ.

ಸರ್ಕಾರಿ ಕೆಲಸ ಹಿಡಿದವರು ಟೆಂಡರ್ ದಾಖಲೆಯ ಷರತ್ತುಗಳಲ್ಲಿ ವಿಮೆಯ ಕಲಮನ್ನು ಓದಿ. ಇಲಾಖೆಯ ಹೆಸರನ್ನೂ ಸೇರಿಸಿ ಜಂಟಿಯಾಗಿ ಮಾಡಿಸಬೇಕೇ, ದೋಷ ಸರಿಪಡಿಸುವ ಅವಧಿಯವರೆಗೂ ಇರಬೇಕೇ ಎಂಬುದು ಅಲ್ಲಿರುತ್ತದೆ.

ನಾಲ್ಕನೇ ಹೆಜ್ಜೆ: ಪಕ್ಕದ ಮನೆಯವರ ಗೋಡೆ

ಹಳೆಯ ಪೇಟೆಗಳಲ್ಲಿ ಕೆಲಸ ಮಾಡುವವರು ಇದನ್ನು ಎರಡು ಸಲ ಓದಿ. ಒಂದು ಮಾಳಿಗೆ ಮನೆಯ ಮಣ್ಣಿನ ಗೋಡೆಗೆ ತಾಗಿಕೊಂಡು ನೀವು ಎಂಟು ಅಡಿ ತೋಡುತ್ತೀರಿ. ಗೋಡೆ ಬಿರುಕು ಬಿಡುತ್ತದೆ. ಸಿಎಆರ್ ಪಾಲಿಸಿಯ ಎರಡನೇ ಭಾಗ ಇದೆಯಲ್ಲ ಎಂದು ನೀವು ಧೈರ್ಯವಾಗಿರುತ್ತೀರಿ. ಆದರೆ ಕಂಪನದಿಂದ ಅಥವಾ ಆಧಾರ ಕಿತ್ತುಹೋದದ್ದರಿಂದ ಪಕ್ಕದ ಕಟ್ಟಡಕ್ಕಾದ ಹಾನಿಯನ್ನು ಸಾಮಾನ್ಯ ಪಾಲಿಸಿಯಲ್ಲಿ ಹೊರಗಿಟ್ಟಿರುತ್ತಾರೆ. ಅದಕ್ಕೆ ಬೇರೆ ಹಿಂಬರಹ, ಎಂದರೆ ಪಾಲಿಸಿಗೆ ಜೋಡಿಸುವ ಹೆಚ್ಚುವರಿ ಕಲಮು, ಸೇರಿಸಬೇಕು. ಸೇರಿಸಿದರೂ, ಕೆಲಸ ಆರಂಭವಾಗುವ ಮೊದಲು ಆ ಕಟ್ಟಡ ಗಟ್ಟಿಯಾಗಿತ್ತು ಎಂಬ ದಾಖಲೆ ಕೇಳುತ್ತಾರೆ.

ಆದ್ದರಿಂದ ಜೆಸಿಬಿ ಬರುವ ಹಿಂದಿನ ದಿನ ಪಕ್ಕದ ಮನೆಗೆ ಹೋಗಿ. ‘ಅಕ್ಕಾ, ನಿಮ್ಮ ಮನೆಯ ಗೋಡೆಗಳ ಫೋಟೊ ತೆಗೆದುಕೊಳ್ಳುತ್ತೇನೆ, ನಾಳೆ ನಿಮಗೂ ನನಗೂ ಜಗಳ ಬೇಡ’ ಎಂದರೆ ಯಾರೂ ಬೇಡ ಎನ್ನುವುದಿಲ್ಲ. ಇರುವ ಬಿರುಕಿನ ಪಕ್ಕ ಅಳತೆ ಪಟ್ಟಿ ಹಿಡಿದು, ದಿನಾಂಕ ಕಾಣುವಂತೆ ಫೋಟೊ ತೆಗೆಯಿರಿ. ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಸಹಿ ಮಾಡಿ. ಎಂಜಿನಿಯರ್ ಒಬ್ಬರ ಸಹಿ ಇದ್ದರೆ ಇನ್ನೂ ಒಳ್ಳೆಯದು. ನೆಲದೊಳಗಿನ ನೀರಿನ ಕೊಳವೆ, ಕೇಬಲ್‌ಗೂ ಇದೇ ನಿಯಮ: ಅವು ಎಲ್ಲಿವೆ ಎಂದು ಪಾಲಿಕೆ ಅಥವಾ ಇಲಾಖೆಯನ್ನು ಮೊದಲೇ ವಿಚಾರಿಸಿದ ದಾಖಲೆ ಇಲ್ಲದಿದ್ದರೆ, ಜೆಸಿಬಿಯ ಹಲ್ಲಿಗೆ ಸಿಕ್ಕಿದ ಕೊಳವೆಯ ಖರ್ಚು ನಿಮ್ಮದೇ.

ಐದನೇ ಹೆಜ್ಜೆ: ಯಂತ್ರ, ಟ್ರ್ಯಾಕ್ಟರ್

ಯಂತ್ರಗಳ ಬಗ್ಗೆ ನಿಮಗೆ ಗೊತ್ತಿರುವುದರಿಂದ ಚಿಕ್ಕದಾಗಿ ಮುಗಿಸುತ್ತೇನೆ. ಮಿಕ್ಸರ್, ಲಿಫ್ಟ್, ವೈಬ್ರೇಟರ್‌ಗಳಿಗೆ ಯಂತ್ರೋಪಕರಣದ ಪಾಲಿಸಿ ಬೇರೆ. ಬೆಲೆಯನ್ನು ಹೊಸ ಯಂತ್ರದ ಇಂದಿನ ದರದಲ್ಲಿ ಬರೆಯಬೇಕು. ತಾನಾಗಿ ಕೆಟ್ಟ ಎಂಜಿನ್‌ಗೆ, ಸವೆತಕ್ಕೆ ಅದು ಕೊಡುವುದಿಲ್ಲ. ರಸ್ತೆಗಿಳಿಯುವ ಜೆಸಿಬಿಗೆ ಮೋಟಾರು ವಿಮೆ ಕಡ್ಡಾಯ.

ಟ್ರ್ಯಾಕ್ಟರ್ ಮಾತ್ರ ನಿಜವಾದ ತಲೆನೋವು. ಕೃಷಿ ಬಳಕೆಗೆಂದು ವಿಮೆ ಮಾಡಿಸಿದ ಟ್ರ್ಯಾಕ್ಟರ್‌ನಲ್ಲಿ ಬಾಡಿಗೆಗೆ ಗರಸು, ಉಸುಕು ಹೊರುವುದು, ಸಂಜೆ ಅದೇ ಟ್ರೇಲರ್‌ನಲ್ಲಿ ಹದಿನೈದು ಜನರನ್ನು ಊರಿಗೆ ಬಿಡುವುದು ನಮ್ಮ ಮೂರೂ ಜಿಲ್ಲೆಗಳ ಮಾಮೂಲು ನೋಟ. ಟ್ರೇಲರ್ ಮಗುಚಿದರೆ ಎರಡು ಕಾರಣಕ್ಕೆ ತಕರಾರು ಎದ್ದೇಳುತ್ತದೆ: ಬಳಕೆ ಬೇರೆ, ಜನ ಹೊರುವ ವಾಹನವೂ ಅಲ್ಲ. ಕಾರ್ಮಿಕರು ಮನೆಗೂ ಕೆಲಸಕ್ಕೂ ನಡುವೆ ಓಡಾಡುವಾಗ ಆಗುವ ಅಪಘಾತವನ್ನೂ ಹೊಸ ಸಂಹಿತೆ ಕೆಲಸದ ಜೊತೆಗಿನ ನಂಟು ನೋಡಿ ಒಳಗೆ ತಂದಿದೆ. ಜನರಿಗೆ ಬಸ್ಸಿನ ದುಡ್ಡು ಕೊಡಿ.

ಆರನೇ ಹೆಜ್ಜೆ: ಕೊಳ್ಳುವಾಗ

ಸರ್ಕಾರಿ ವಲಯದಲ್ಲಿ ನ್ಯೂ ಇಂಡಿಯಾ, ನ್ಯಾಷನಲ್, ಓರಿಯಂಟಲ್, ಯುನೈಟೆಡ್ ಇಂಡಿಯಾ ಇವೆ, ಖಾಸಗಿಯವೂ ಬಹಳ. ಮೂರು ಕಡೆಯಾದರೂ ದರ ಕೇಳಿ. ಏಜೆಂಟ್ ಕಂಪನಿಯ ಪರ, ಬ್ರೋಕರ್ ಗ್ರಾಹಕರ ಪರ ಎಂಬ ವ್ಯತ್ಯಾಸ ನೆನಪಿರಲಿ.

ಪ್ರಸ್ತಾವ ಪತ್ರವನ್ನು ನೀವೇ ತುಂಬಿ. ‘ಸಹಿ ಮಾಡಿ ಸಾರ್, ಉಳಿದದ್ದು ನಾನು ನೋಡಿಕೊಳ್ಳುತ್ತೇನೆ’ ಎನ್ನುವ ಏಜೆಂಟರ ಒಳ್ಳೆಯತನವೇ ಮುಂದೆ ಮುಳುವಾಗುತ್ತದೆ. ಎಷ್ಟು ಮಹಡಿ, ನೆಲಮಾಳಿಗೆ ಇದೆಯೇ, ಹಳ್ಳ ಎಷ್ಟು ದೂರ, ತುಂಡು ಗುತ್ತಿಗೆ ಇದೆಯೇ ಎಂಬುದಕ್ಕೆ ಅವರು ಬರೆಯುವ ‘ಇಲ್ಲ’ ನಿಮ್ಮ ಉತ್ತರವಾಗಿಯೇ ಉಳಿಯುತ್ತದೆ. ಪ್ರೀಮಿಯಂ ಕಂಪನಿಯ ಕೈ ಸೇರುವ ಮೊದಲು ರಕ್ಷಣೆ ಆರಂಭವಾಗುವುದಿಲ್ಲ ಎಂದು ವಿಮಾ ಕಾಯ್ದೆಯ 64ವಿಬಿ ಕಲಮು ಹೇಳುತ್ತದೆ. ಚೆಕ್ ವಾಪಸಾದರೆ ಪಾಲಿಸಿಯ ಹಾಳೆ ಕೈಯಲ್ಲಿದ್ದೂ ಇಲ್ಲದಂತೆ.

ಏಳನೇ ಹೆಜ್ಜೆ: ಅವಘಡವಾದ ದಿನ

ಮೊದಲು ಆಸ್ಪತ್ರೆ. ಅಲ್ಲಿ ‘ಬೈಕಿನಿಂದ ಬಿದ್ದ’ ಎಂದು ಹೇಳಿಸಬೇಡಿ. ಪೊಲೀಸರ ತಂಟೆ ಬೇಡವೆಂದು ಹಾಗೆ ಹೇಳಿಸುತ್ತಾರೆ. ಆಸ್ಪತ್ರೆಯ ಆ ಒಂದು ಸಾಲು ಕೆಲಸದ ಅಪಘಾತದ ಕ್ಲೇಮನ್ನು ಮುಗಿಸಿಬಿಡುತ್ತದೆ. ಅಂದೇ ವಿಮಾ ಕಚೇರಿಗೆ ಫೋನ್ ಮಾಡಿ, ಬಳಿಕ ಇಮೇಲ್‌ನಲ್ಲೂ ತಿಳಿಸಿ. ಸಾವಾದರೆ ಏಳು ದಿನದೊಳಗೆ ಪ್ರಾಧಿಕಾರಕ್ಕೆ ವರದಿ ಕೊಡಬೇಕು. ಕಳವಾದರೆ ಪೊಲೀಸ್ ದೂರು. ಕಟ್ಟಡದ ಹಾನಿಯಾದರೆ ಇನ್ನಷ್ಟು ಕೆಡದಂತೆ ತಡೆಯಲು ಬೇಕಾದಷ್ಟೇ ಮುಟ್ಟಿ, ಹಾನಿ ಅಂದಾಜು ಮಾಡಲು ವಿಮಾ ಕಂಪನಿ ಕಳಿಸುವ ಸರ್ವೇಯರ್ ಬಂದು ನೋಡುವವರೆಗೆ ಅವಶೇಷ ಸಾಗಿಸಬೇಡಿ. ಸಿಮೆಂಟ್, ಸರಳಿನ ಬಿಲ್ಲುಗಳು, ಹಾಜರಿ ಪುಸ್ತಕ, ದಿನದಿನದ ಕೆಲಸದ ಫೋಟೊಗಳು ಒಂದೇ ಕಡೆ ಇರಲಿ. ಸರ್ವೇಯರ್ ಬಂದಾಗ ನೀವೇ ಇರಿ, ಮುಕಾದಮನನ್ನು ಮುಂದೆ ಬಿಡಬೇಡಿ. ಅವನು ತನ್ನ ಕೆಲಸದ ಮರ್ಯಾದೆ ಉಳಿಸಿಕೊಳ್ಳಲು ಏನಾದರೂ ಹೇಳಿಬಿಡುತ್ತಾನೆ.

ಕ್ಲೇಮು ತಿರಸ್ಕಾರವಾದರೆ ಕಾರಣವನ್ನು ಬರಹದಲ್ಲಿ ಪಡೆಯಿರಿ, ಮೊದಲು ಕಂಪನಿಯ ಕುಂದುಕೊರತೆ ವಿಭಾಗಕ್ಕೇ ದೂರು ಕೊಡಿ. 30 ದಿನದಲ್ಲಿ ಉತ್ತರ ಬಾರದಿದ್ದರೆ ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ, ಏಕವ್ಯಕ್ತಿ ಮಾಲೀಕತ್ವದ ಸಂಸ್ಥೆಗಳೂ ಅತಿಸಣ್ಣ ಉದ್ಯಮಗಳೂ ವಿಮೆಯ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್‌ಗೆ ಹೋಗಬಹುದು. ಕರ್ನಾಟಕಕ್ಕೆ ಆ ಕಚೇರಿ ಬೆಂಗಳೂರಿನಲ್ಲಿದೆ. ಶುಲ್ಕವಿಲ್ಲ, ವಕೀಲರು ಬೇಕಿಲ್ಲ, ತಿರಸ್ಕಾರವಾದ ಒಂದು ವರ್ಷದೊಳಗೆ ಕೊಡಬೇಕು. ದೂರನ್ನು ಆನ್‌ಲೈನ್‌ನಲ್ಲೂ ಸಲ್ಲಿಸಬಹುದು. ಅದು ಬೇಡವೆನಿಸಿದರೆ ಜಿಲ್ಲಾ ಗ್ರಾಹಕರ ಆಯೋಗವಿದೆ. ಆದರೆ ಆಯೋಗದಲ್ಲಿ ಪ್ರಕರಣ ಹೂಡಿದ ಮೇಲೆ ಒಂಬುಡ್ಸ್‌ಮನ್ ಅದನ್ನು ಎತ್ತಿಕೊಳ್ಳುವುದಿಲ್ಲ, ಹಾಗಾಗಿ ಯಾವ ಬಾಗಿಲು ಮೊದಲು ಎಂದು ಯೋಚಿಸಿ ತಟ್ಟಿ.